ಸಿಲಿಕಾನ್‌ಗೂ 4 ಎಲೆಕ್ಟ್ರಾನ್ ಇದೆ, ಆದರೆ ಸರಪಳಿ ಕಟ್ಟುವುದು ಇಂಗಾಲ ಮಾತ್ರ ಯಾಕೆ?

ಪಾಂಡವಪುರ_ಆಲೆಮನೆ

ಎಲ್ಲರಿಗೂ ನಮಸ್ಕಾರ. ಮಗಳು ಹತ್ತನೇ ಕ್ಲಾಸು, ಕನ್ನಡ ಮೀಡಿಯಂ. ಈಗ ಇಂಗಾಲದ ಪಾಠ ನಡೆಯುತ್ತಿದೆ. ಹೊರಗಿನ ಕವಚದಲ್ಲಿ 4 ಎಲೆಕ್ಟ್ರಾನ್, ಹಾಗಾಗಿ 4 ಬಂಧ, ಹಾಗಾಗಿ ಇಷ್ಟೊಂದು ಸಂಯುಕ್ತಗಳು ಅಂತ ಓದಿಕೊಂಡಿದ್ದಾಳೆ. ನಿನ್ನೆ ರಾತ್ರಿ ಆವರ್ತ ಕೋಷ್ಟಕ ಹಿಡಿದುಕೊಂಡು ಬಂದು ಇಂಗಾಲದ ಕೆಳಗಿನ ಚೌಕದ ಮೇಲೆ ಬೆರಳಿಟ್ಟಳು. "ಅಪ್ಪಾ, ಸಿಲಿಕಾನ್‌ಗೂ 4 ಇದೆ. ಅದು ಯಾಕೆ ಸಕ್ಕರೆ, ಎಣ್ಣೆ, ಹತ್ತಿ ಏನೂ ಆಗದೆ ಬರೀ ಮರಳಾಯಿತು?" ಅಂತ.

ನಾನು ಬೆಲ್ಲ ಮಾಡುವವನು, ಇದಕ್ಕೆ ಏನು ಹೇಳಲಿ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ. ಇನ್ನೊಂದು ವಿಷಯ ನನ್ನದೇ. ಪಾಕ ತಿರುವುವುದು ತಡವಾಗಿ ಕೊಪ್ಪರಿಗೆ ತಳ ಹಿಡಿದರೆ ಕರ್ರಗೆ ಆಗುತ್ತದಲ್ಲ, ಅದೂ ಇಂಗಾಲವೇನಾ?

ಸರಸ್ವತಿಪುರಂ_ಕೆಮಿಸ್ಟ್ರಿ

ನಿಮ್ಮ ಮಗಳು ಕೇಳಿರುವುದು ಇಡೀ ಪಾಠದಲ್ಲೇ ಮುಖ್ಯವಾದ ಪ್ರಶ್ನೆ. ನಾನು ಪಿಯು ಮಕ್ಕಳಿಗೆ ಬಹಳ ವರ್ಷ ಕೆಮಿಸ್ಟ್ರಿ ಹೇಳಿಕೊಟ್ಟವಳು, ನಿವೃತ್ತಳಾಗಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಓದಿ.

"4 ಎಲೆಕ್ಟ್ರಾನ್ ಇದೆ" ಅನ್ನುವುದು ಅರ್ಧ ಉತ್ತರ. ಅದು ಇಂಗಾಲ ಯಾಕೆ ಹಂಚಿಕೊಳ್ಳುತ್ತದೆ ಅನ್ನುವುದನ್ನು ಮಾತ್ರ ಹೇಳುತ್ತದೆ. ಸೋಡಿಯಂ ಒಂದು ಎಲೆಕ್ಟ್ರಾನ್ ಬಿಟ್ಟುಕೊಡುವುದಕ್ಕೆ ಮೋಲ್ (ಪರಮಾಣುಗಳ ಒಂದು ನಿಗದಿತ ಎಣಿಕೆ) ಒಂದಕ್ಕೆ 496 ಕಿಲೋಜೂಲ್ ಸಾಕು. ಇಂಗಾಲದಿಂದ ನಾಲ್ಕನ್ನೂ ಕಿತ್ತುಕೊಳ್ಳಬೇಕಾದರೆ ಒಟ್ಟು 14,000 ಕಿಲೋಜೂಲ್‌ಗಿಂತ ಜಾಸ್ತಿ ಬೇಕು. ಮಾಮೂಲಿ ರಾಸಾಯನಿಕ ಕ್ರಿಯೆಯಲ್ಲಿ ಅಷ್ಟು ಶಕ್ತಿ ಎಲ್ಲಿಂದ ಬರಬೇಕು? ಬೇರೆಯವರಿಂದ 4 ಎಲೆಕ್ಟ್ರಾನ್ ತೆಗೆದುಕೊಳ್ಳೋಣ ಅಂದರೆ 6 ಪ್ರೋಟಾನ್‌ಗಳು 10 ಎಲೆಕ್ಟ್ರಾನ್ ಹಿಡಿದಿಟ್ಟುಕೊಳ್ಳಬೇಕು, ಅದೂ ಕಷ್ಟ. ಕೊಡುವುದೂ ಆಗಲ್ಲ, ತೆಗೆದುಕೊಳ್ಳುವುದೂ ಆಗಲ್ಲ, ಹಾಗಾಗಿ ಹಂಚಿಕೊಳ್ಳುತ್ತದೆ. ಒಂದು ಜೊತೆ ಎಲೆಕ್ಟ್ರಾನ್ ಹಂಚಿಕೊಂಡರೆ ಒಂದು ಬಂಧ ಅನ್ನುವ ಲೆಕ್ಕ ಕೊಟ್ಟವರು ಲೂಯಿಸ್, 1916ರಲ್ಲಿ. ಇಲ್ಲಿಯವರೆಗೆ ಸಿಲಿಕಾನ್‌ಗೂ ಇಂಗಾಲಕ್ಕೂ ದೊಡ್ಡ ವ್ಯತ್ಯಾಸ ಇಲ್ಲ.

ವ್ಯತ್ಯಾಸ ಇರುವುದು ಗಾತ್ರದಲ್ಲಿ. ಇಂಗಾಲದ ಪರಮಾಣುವಿನ ತ್ರಿಜ್ಯ ಸುಮಾರು 77 ಪಿಕೊಮೀಟರ್, ಸಿಲಿಕಾನ್‌ನದ್ದು ಸುಮಾರು 117. ಇಂಗಾಲಕ್ಕೆ ಎರಡೇ ಕವಚ, ಸಿಲಿಕಾನ್‌ಗೆ ಮೂರು. ಹಂಚಿಕೊಂಡ ಎಲೆಕ್ಟ್ರಾನ್ ಜೋಡಿ ಇಂಗಾಲದ ನ್ಯೂಕ್ಲಿಯಸ್‌ಗೆ ಹತ್ತಿರ ಇರುತ್ತದೆ, ಹತ್ತಿರ ಇದ್ದಷ್ಟೂ ಎಳೆತ ಗಟ್ಟಿ. ಎರಡು ಇಂಗಾಲಗಳ ನಡುವಿನ ಏಕಬಂಧ ಮುರಿಯಲು ಸುಮಾರು 346 ಕಿಲೋಜೂಲ್ ಬೇಕು. ಎರಡು ಸಿಲಿಕಾನ್‌ಗಳ ನಡುವಿನದ್ದು ಮುರಿಯಲು ಸುಮಾರು 222 ಸಾಕು.

ಈಗ ಆಮ್ಲಜನಕ ಪಕ್ಕಕ್ಕೆ ಬರಲಿ, ಅಸಲು ವಿಷಯ ಇರುವುದು ಅಲ್ಲೇ. ಇಂಗಾಲ–ಆಮ್ಲಜನಕ ಏಕಬಂಧ ಸುಮಾರು 358. ಇಂಗಾಲ–ಇಂಗಾಲ 346. ಎರಡೂ ಹೆಚ್ಚು ಕಡಿಮೆ ಒಂದೇ. ತನ್ನ ಜಾತಿಯವನನ್ನು ಬಿಟ್ಟು ಆಮ್ಲಜನಕದ ಕಡೆ ಹೋದರೂ ಒಂದೊಂದು ಬಂಧದ ಲೆಕ್ಕದಲ್ಲಿ ಇಂಗಾಲಕ್ಕೆ ಅಂಥ ಲಾಭ ಇಲ್ಲ. ಸಿಲಿಕಾನ್‌ಗೆ ಹಾಗಲ್ಲ. ಸಿಲಿಕಾನ್–ಆಮ್ಲಜನಕ ಬಂಧ ಸುಮಾರು 452, ಅಂದರೆ ತನ್ನ ಜೊತೆಗಿನ ಬಂಧದ ಎರಡರಷ್ಟು. ನೀರು, ಗಾಳಿ, ಆಮ್ಲಜನಕ ತುಂಬಿರುವ ಈ ಭೂಮಿಯ ಮೇಲೆ ಸಿಲಿಕಾನ್ ತನ್ನ ಸರಪಳಿ ಬಿಟ್ಟು ಆಮ್ಲಜನಕದ ಜೊತೆ ಸೇರುವುದೇ ಸಹಜ. ಕಾವೇರಿ ದಂಡೆಯ ಮರಳು ಅದೇ. ಮಗಳಿಗೆ ಹೇಳಿ, ಸಿಲಿಕಾನ್ ಸೋತು ಮರಳಾಗಿದ್ದಲ್ಲ. ಅದಕ್ಕೆ ಅತಿ ನೆಮ್ಮದಿಯ ಜಾಗ ಮರಳೇ.

ನಿಮ್ಮ ಕೊಪ್ಪರಿಗೆ ಪ್ರಶ್ನೆಗೆ: ಹೌದು, ಬಹುಪಾಲು ಇಂಗಾಲವೇ. ಸಕ್ಕರೆಯ ಒಂದು ಅಣುವಿನಲ್ಲಿ 12 ಇಂಗಾಲ, 22 ಜಲಜನಕ, 11 ಆಮ್ಲಜನಕ ಇವೆ. ಅದರಿಂದ 11 ನೀರಿನ ಅಣು ತೆಗೆದುಬಿಟ್ಟರೆ ಉಳಿಯುವುದು 12 ಇಂಗಾಲ ಅಷ್ಟೇ. ಲ್ಯಾಬಿನಲ್ಲಿ ಬೀಕರ್‌ಗೆ ಎರಡು ಚಮಚ ಸಕ್ಕರೆ ಹಾಕಿ ಅದರ ಮೇಲೆ ಗಾಢ ಸಲ್ಫ್ಯೂರಿಕ್ ಆಮ್ಲ ಸುರಿದು ತೋರಿಸುತ್ತಿದ್ದೆವು. ಮೊದಲು ಹಳದಿ, ಆಮೇಲೆ ಕಂದು, ಆಮೇಲೆ ಇದ್ದಕ್ಕಿದ್ದ ಹಾಗೆ ಹಬೆಯಾಡುತ್ತಾ ಕಪ್ಪು ಕಂಬವೊಂದು ಬೀಕರ್ ಬಾಯಿಂದ ಮೇಲಕ್ಕೆ ಉಬ್ಬಿ ಬರುತ್ತದೆ. ಮುಟ್ಟಿದರೆ ಟೊಳ್ಳು, ಪುಡಿಪುಡಿ. ಸುಟ್ಟ ಬೆಲ್ಲದ ವಾಸನೆ ಮೂಗಿಗೆ ಹೊಡೆಯುತ್ತದೆ. ಆಮ್ಲ ಅಲ್ಲಿ ನೀರನ್ನು ಕಿತ್ತುಕೊಳ್ಳುತ್ತದೆ, ನಿಮ್ಮ ಒಲೆಯಲ್ಲಿ ಬೆಂಕಿಯೇ ಆ ಕೆಲಸ ಮಾಡುತ್ತದೆ. ಮನೆಯಲ್ಲಿ ಮಾತ್ರ ಇದನ್ನು ಮಾಡಬೇಡಿ, ಆ ಆಮ್ಲ ಮೈಮೇಲೆ ಬಿದ್ದರೆ ಚರ್ಮಕ್ಕೂ ಅದೇ ಗತಿ.

ಪಾಂಡವಪುರ_ಆಲೆಮನೆ

ಮೇಡಂ ಬಹಳ ಉಪಕಾರ ಆಯಿತು. 346 ಮತ್ತು 358 ಹತ್ತಿರ ಇದೆ, 222 ಮತ್ತು 452 ದೂರ ಇದೆ, ಇಷ್ಟು ಹೇಳಿದ ತಕ್ಷಣ ಅವಳಿಗೆ ಹೊಳೆಯಿತು. ಹಾಳೆಯಲ್ಲಿ ನಾಲ್ಕೂ ಬರೆದು ಗೋಡೆಗೆ ಅಂಟಿಸಿದ್ದಾಳೆ.

ಟ್ಯೂಷನ್_ಮಳವಳ್ಳಿ

ಅಣ್ಣಾ, ಮೇಡಂ ಹೇಳಿದ್ದು ಸರಿಯೇ. ಆದರೆ ಪರೀಕ್ಷೆಯಲ್ಲಿ ಇದು ಬರುವುದು ಎರಡು ಅಂಕಕ್ಕೆ. ಚತುರ್ವೇಲೆನ್ಸಿ (4 ಬಂಧ ಮಾಡುವುದು) ಒಂದು, ಕೆಟನೀಕರಣ (ತನ್ನ ಜೊತೆಗೇ ಸರಪಳಿ ಕಟ್ಟುವುದು) ಒಂದು, ಎರಡು ಸಾಲು ಬರೆದರೆ ಮುಗಿಯಿತು. ಈ ಕಿಲೋಜೂಲ್ ಎಲ್ಲ ತಲೆಗೆ ತುಂಬಿ ಮಗುವನ್ನು ಗಾಬರಿ ಮಾಡಬೇಡಿ. ಬೋರ್ಡ್ ಎಕ್ಸಾಮ್ ವರ್ಷ, ಬೇರೆ ಸಬ್ಜೆಕ್ಟೂ ಇದೆಯಲ್ವಾ?

ಸರಸ್ವತಿಪುರಂ_ಕೆಮಿಸ್ಟ್ರಿ

ಸರ್, ಎರಡು ಸಾಲು ಬರೆಯಲಿ, ಅಂಕ ತೆಗೆದುಕೊಳ್ಳಲಿ. ನಾನು ಬೇಡ ಅನ್ನುವುದಿಲ್ಲ. ಆದರೆ ಮಗು ತಾನಾಗಿ ಕೋಷ್ಟಕ ನೋಡಿ, ಪುಸ್ತಕದ ಉತ್ತರ ಸಿಲಿಕಾನ್‌ಗೂ ಹೊಂದುತ್ತದೆ ಅಂತ ಕಂಡುಕೊಂಡಿದೆ. ಅದಕ್ಕೆ ನಾವು "ಅಂಕಕ್ಕೆ ಇಷ್ಟು ಸಾಕು" ಅಂದರೆ ಮುಂದಿನ ಸಲ ಅದು ಕೇಳುವುದೇ ಇಲ್ಲ. ಗಾಬರಿ ಆಗಿಲ್ಲ, ಗೋಡೆಗೆ ಅಂಟಿಸಿದ್ದಾಳೆ ಅಂತ ಅವರಪ್ಪನೇ ಬರೆದಿದ್ದಾರೆ ನೋಡಿ.

ಮದ್ದೂರು_ಪಿಯು_ಸೈನ್ಸ್

ಮೇಡಂ ನಂದೊಂದು ಡೌಟು. ಚಿಕ್ಕ ಪರಮಾಣು ಆದರೆ ಬಂಧ ಗಟ್ಟಿ ಅಂದಿರಿ. ಸಾರಜನಕ, ಆಮ್ಲಜನಕ ಇಂಗಾಲಕ್ಕಿಂತಲೂ ಚಿಕ್ಕವು. ಅವು ಯಾಕೆ ಉದ್ದ ಸರಪಳಿ ಕಟ್ಟುವುದಿಲ್ಲ?

ಗಂಗೋತ್ರಿ_ಎಮ್ಮೆಸ್ಸಿ

ಇದಕ್ಕೆ ನಾನು ಉತ್ತರ ಕೊಡುತ್ತೇನೆ. ಸಾರಜನಕಕ್ಕೆ ಹೊರಗೆ 5 ಎಲೆಕ್ಟ್ರಾನ್, ಆಮ್ಲಜನಕಕ್ಕೆ 6. ಸಾರಜನಕ 3 ಬಂಧ ಮಾಡಿದ ಮೇಲೆ ಒಂದು ಜೋಡಿ ಎಲೆಕ್ಟ್ರಾನ್ ಯಾರಿಗೂ ಹಂಚದೆ ಹಾಗೇ ಉಳಿಯುತ್ತದೆ. ಆಮ್ಲಜನಕ 2 ಬಂಧ ಮಾಡಿದ ಮೇಲೆ ಎರಡು ಜೋಡಿ ಉಳಿಯುತ್ತವೆ. ಪಕ್ಕಪಕ್ಕ ಎರಡು ಆಮ್ಲಜನಕ ಕೂತರೆ ಈ ಒಂಟಿ ಜೋಡಿಗಳು ಒಂದನ್ನೊಂದು ತಳ್ಳುತ್ತವೆ. ಪರಮಾಣು ಚಿಕ್ಕದಾದಷ್ಟೂ ಅವು ಹತ್ತಿರ, ತಳ್ಳಾಟವೂ ಜಾಸ್ತಿ. ಅದಕ್ಕೇ ಆಮ್ಲಜನಕ–ಆಮ್ಲಜನಕ ಏಕಬಂಧ ಬರೀ 146 ಕಿಲೋಜೂಲ್ ಆಸುಪಾಸು, ಸಾರಜನಕದ್ದು 160ರ ಆಸುಪಾಸು. ಗಾಯಕ್ಕೆ ಹಾಕುವ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಎರಡೇ ಆಮ್ಲಜನಕ ಒಟ್ಟಿಗೆ ಇವೆ. ಅದಕ್ಕೂ ನೆಮ್ಮದಿ ಇಲ್ಲ, ಬಾಟಲಿ ಬೆಳಕಿಗೆ ಇಟ್ಟರೆ ಒಳಗಿನ ಆ ಅಣು ಒಡೆದು ಹೋಗುತ್ತದೆ.

ಇಂಗಾಲಕ್ಕೆ ಹೊರಗೆ 4, ಮಾಡುವ ಬಂಧವೂ 4. ಒಂಟಿ ಜೋಡಿ ಒಂದೂ ಉಳಿಯುವುದಿಲ್ಲ. ಬೋರಾನ್‌ಗೆ ಉಲ್ಟಾ ತೊಂದರೆ. ಅದಕ್ಕೆ 3 ಎಲೆಕ್ಟ್ರಾನ್ ಇರುವುದರಿಂದ ಒಂದು ಜಾಗ ಖಾಲಿ ಉಳಿಯುತ್ತದೆ, ಯಾರಾದರೂ ಬಂದು ಅಲ್ಲಿ ಸೇರಿಕೊಳ್ಳುತ್ತಾರೆ. ಉಳಿಕೆಯೂ ಇಲ್ಲ, ಕೊರತೆಯೂ ಇಲ್ಲ, ಗಾತ್ರವೂ ಚಿಕ್ಕದು, ಈ ಮೂರೂ ಒಟ್ಟಿಗೆ ಇರುವುದು ಇಂಗಾಲದಲ್ಲಿ. ನನಗೆ ಈ ವಿಷಯದಲ್ಲಿ ಅತಿ ಇಷ್ಟವಾದ ಮಾತು ಇದೇ.

ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಬಂಧದ ಶಕ್ತಿ ಲೆಕ್ಕ ಹಾಕಿದರೆ ಪೆಟ್ರೋಲ್ ಕೂಡ ಗಾಳಿಯ ಜೊತೆ ಸೇರಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಬೇಕು, ಅದರಲ್ಲಿ ಲಾಭ ಇದೆ. ಆದರೂ ಟ್ಯಾಂಕಿನಲ್ಲಿ ಸುಮ್ನೆ ಕೂತಿರುತ್ತದೆ, ಕಿಡಿ ಬೀಳಬೇಕು. ಇಂಗಾಲದ ಸುತ್ತ 4 ಬಂಧ ತುಂಬಿಕೊಂಡ ಮೇಲೆ ಹೊಸಬರಿಗೆ ಒಳಗೆ ನುಗ್ಗಲು ದಾರಿಯೇ ಇಲ್ಲ. ಸಿಲಿಕಾನ್ ದೊಡ್ಡದು, ಅದರ ಸುತ್ತ ಐದನೆಯವನಿಗೂ ಆರನೆಯವನಿಗೂ ಜಾಗ ಸಿಗುತ್ತದೆ. ಮೀಥೇನ್ ಗಾಳಿಗೆ ಬಿಟ್ಟರೆ ಏನೂ ಆಗಲ್ಲ. ಅದೇ ರೂಪದ ಸಿಲೇನ್, ಅಂದರೆ ಒಂದು ಸಿಲಿಕಾನ್‌ಗೆ 4 ಜಲಜನಕ, ಗಾಳಿ ತಾಗಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಇಂಗಾಲದ ಟೆಟ್ರಾಕ್ಲೋರೈಡ್ ನೀರಿಗೆ ಹಾಕಿದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಸಿಲಿಕಾನ್ ಟೆಟ್ರಾಕ್ಲೋರೈಡ್ ಗಾಳಿಯ ತೇವ ಸಾಕು, ಬುಸ್ಸನೆ ಹೊಗೆ ಬಿಡುತ್ತದೆ.

ಹಾಗಂತ ಸಿಲಿಕಾನ್ ಸರಪಳಿಯೇ ಕಟ್ಟುವುದಿಲ್ಲ ಅಂತಲ್ಲ. ಗಾಜಿನ ತೊಟ್ಟಿ ಅಂಟಿಸುವ ಸಿಲಿಕೋನ್ ಸೀಲಂಟ್ ಇದೆಯಲ್ಲ, ಅದರಲ್ಲಿ ಉದ್ದುದ್ದ ಸರಪಳಿ ಇದೆ. ಆದರೆ ಸಿಲಿಕಾನ್, ಆಮ್ಲಜನಕ, ಸಿಲಿಕಾನ್, ಆಮ್ಲಜನಕ ಅಂತ ಒಂದು ಬಿಟ್ಟು ಒಂದು. ಅಲ್ಲಿಯೂ ಆಮ್ಲಜನಕ ಬಿಟ್ಟಿರಲಾರದು.

ಬನ್ನಿಮಂಟಪ_ವೆಲ್ಡಿಂಗ್

ನಾನು ಗ್ಯಾಸ್ ವೆಲ್ಡಿಂಗ್, ಕಟಿಂಗ್ ಮಾಡುವವನು. ನಮ್ಮ ಡಿಎ ಸಿಲಿಂಡರ್‌ನಲ್ಲಿ ಇರುವುದು ಅಸಿಟಿಲೀನ್. ಅದರಲ್ಲಿ ಎರಡು ಇಂಗಾಲದ ನಡುವೆ ಮೂರು ಬಂಧ ಅಂತ ಐಟಿಐನಲ್ಲಿ ಹೇಳಿಕೊಟ್ಟಿದ್ದರು. ಆಕ್ಸಿಜನ್ ಸೇರಿಸಿ ಹಚ್ಚಿದರೆ 3,100 ಡಿಗ್ರಿ ಆಸುಪಾಸು ಬಿಸಿ ಬರುತ್ತದೆ. ಎಲ್‌ಪಿಜಿಯಲ್ಲಿ ಕಟಿಂಗ್ ಮಾಡಬಹುದು, ಆದರೆ ಕಬ್ಬಿಣ ಬೆಸೆಯುವುದಕ್ಕೆ ಡಿಎ ಇದ್ದಂಗೆ ಆಗಲ್ಲ. ಆ ಮೂರು ಬಂಧದಿಂದಲೇ ಇಷ್ಟು ಶಾಖ ಬರುವುದಾ? ಗಟ್ಟಿ ಬಂಧ ಅಂದರೆ ಮುರಿಯುವುದು ಕಷ್ಟ ಅಲ್ವಾ, ಮತ್ತೆ ಹೇಗೆ ಜಾಸ್ತಿ ಶಾಖ ಕೊಡುತ್ತದೆ?

ಸರಸ್ವತಿಪುರಂ_ಕೆಮಿಸ್ಟ್ರಿ

ಒಳ್ಳೆಯ ಪ್ರಶ್ನೆ ಕೇಳಿದಿರಿ. ಮೂರು ಲೆಕ್ಕ ಪಕ್ಕಪಕ್ಕ ಇಡುತ್ತೇನೆ. ಇಂಗಾಲ–ಇಂಗಾಲ ಏಕಬಂಧ 346, ದ್ವಿಬಂಧ ಸುಮಾರು 614, ತ್ರಿಬಂಧ ಸುಮಾರು 839. ಗಮನಿಸಿ, ದ್ವಿಬಂಧ ಎರಡರಷ್ಟು ಗಟ್ಟಿ ಇಲ್ಲ, ಎರಡರಷ್ಟು ಇದ್ದಿದ್ದರೆ 692 ಆಗಬೇಕಿತ್ತು. ತ್ರಿಬಂಧ ಮೂರರಷ್ಟಂತೂ ಇಲ್ಲವೇ ಇಲ್ಲ. ಮೊದಲ ಬಂಧ ಎರಡು ಪರಮಾಣುಗಳ ನಡುವೆ ನೇರ ಗೆರೆಯಲ್ಲಿ ಇರುತ್ತದೆ, ಅದು ಗಟ್ಟಿ. ಎರಡನೆಯದು, ಮೂರನೆಯದು ಪಕ್ಕದಿಂದ ಸೇರುವಂಥವು, ಅವು ಸಡಿಲ. ಮೂರು ಏಕಬಂಧ ಬೇರೆ ಬೇರೆ ಕಡೆ ಇದ್ದಿದ್ದರೆ ಇಂಗಾಲ ಇನ್ನೂ ನೆಮ್ಮದಿಯಾಗಿ ಇರುತ್ತಿತ್ತು. ಒಂದೇ ಕಡೆ ಒತ್ತಿ ಇಟ್ಟಿದ್ದರಿಂದ ಅಣುವಿನಲ್ಲಿ ಶಕ್ತಿ ಬಾಕಿ ಕೂತಿದೆ. ಅಸಿಟಿಲೀನ್ ತನ್ನ ಮೂಲಧಾತುಗಳಿಗಿಂತ ಮೋಲ್‌ಗೆ ಸುಮಾರು 227 ಕಿಲೋಜೂಲ್ ಮೇಲೆ ಇದೆ. ಉರಿದಾಗ ಆ ಬಾಕಿಯೂ ಸೇರಿ ಬರುತ್ತದೆ. ಜೊತೆಗೆ ಒಂದು ಅಣುವಿನಲ್ಲಿ ಎರಡೇ ಜಲಜನಕ ಇರುವುದರಿಂದ ಸುಟ್ಟ ಮೇಲೆ ಬರುವ ನೀರಿನ ಹಬೆ ಕಡಿಮೆ, ಬಿಸಿ ಮಾಡಬೇಕಾದ ಅನಿಲವೂ ಕಡಿಮೆ. ಹಾಗಾಗಿ ಜ್ವಾಲೆ ಅಷ್ಟು ಏರುತ್ತದೆ.

ಬನ್ನಿಮಂಟಪ_ವೆಲ್ಡಿಂಗ್

ಈಗ ಅರ್ಥ ಆಯಿತು ಮೇಡಂ. ಅದಕ್ಕೇ ಇರಬೇಕು ಅದನ್ನು ಬೇರೆ ಗ್ಯಾಸಿನ ಹಾಗೆ ಸುಮ್ನೆ ಒತ್ತಿ ತುಂಬುವುದಿಲ್ಲ. ಸಿಲಿಂಡರ್ ಒಳಗೆ ಸ್ಪಂಜಿನಂಥ ವಸ್ತು, ಅದಕ್ಕೆ ಅಸಿಟೋನ್, ಅದರಲ್ಲಿ ಗ್ಯಾಸ್ ಕರಗಿರುತ್ತದೆ. ಮಲಗಿಸಿ ಬಳಸಬಾರದು, ಅಸಿಟೋನ್ ಹೊರಗೆ ಬರುತ್ತದೆ. ಹೊಸ ಹುಡುಗರು ಆಟೋದಲ್ಲಿ ಅಡ್ಡ ಹಾಕಿಕೊಂಡು ಬಂದು ಹಾಗೇ ರೆಗ್ಯುಲೇಟರ್ ಕೂರಿಸುತ್ತಾರೆ. ದಯವಿಟ್ಟು ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ತೆರೆಯಿರಿ.

ಮಾರ್ಕೆಟ್_ಹಣ್ಣು

ಮೇಡಂ, ಹಣ್ಣು ಮಾಗಿಸುವ ಕಾರ್ಬೈಡ್ ಕಲ್ಲಿನಿಂದ ಬರುವುದೂ ಇದೇ ಗ್ಯಾಸಾ? ನಾವು ಹಾಕುವುದಿಲ್ಲ, ಆದರೆ ಗಿರಾಕಿಗಳು ದಿನಾ ಕೇಳುತ್ತಾರೆ.

ಗಂಗೋತ್ರಿ_ಎಮ್ಮೆಸ್ಸಿ

ಅದೇ ಗ್ಯಾಸು ಅಣ್ಣಾ. ಕ್ಯಾಲ್ಸಿಯಂ ಕಾರ್ಬೈಡ್‌ನಲ್ಲಿ ಎರಡೆರಡು ಇಂಗಾಲ ತ್ರಿಬಂಧ ಹಾಕಿಕೊಂಡೇ ಕೂತಿವೆ. ತೇವ ತಾಗಿದರೆ ಕ್ಯಾಲ್ಸಿಯಂ ಸುಣ್ಣವಾಗುತ್ತದೆ, ಇಂಗಾಲದ ಜೋಡಿಗೆ ಎರಡು ಜಲಜನಕ ಸೇರಿ ಅಸಿಟಿಲೀನ್ ಹೊರಬರುತ್ತದೆ. ಕಾಯಿಯೊಳಗೆ ತಾನಾಗಿ ಹುಟ್ಟುವ ಮಾಗಿಸುವ ಅನಿಲ ಎಥಿಲೀನ್, ಅದರಲ್ಲಿ ಎರಡು ಇಂಗಾಲದ ನಡುವೆ ದ್ವಿಬಂಧ. ಅಸಿಟಿಲೀನ್ ಅದರ ಕೆಲಸವನ್ನು ಸ್ವಲ್ಪ ಮಟ್ಟಿಗೆ ಮಾಡುತ್ತದೆ ಅಷ್ಟೇ. ಕಾರ್ಬೈಡ್‌ನಲ್ಲಿ ಆರ್ಸೆನಿಕ್, ರಂಜಕದ ಕಲ್ಮಶ ಇರುತ್ತದೆ, ಅದರಿಂದಲೇ ಆ ಕೆಟ್ಟ ವಾಸನೆ, ಅದರಿಂದಲೇ ಅಪಾಯ. ಆಹಾರ ಸುರಕ್ಷತಾ ನಿಯಮದಲ್ಲಿ ಕಾರ್ಬೈಡ್‌ನಿಂದ ಹಣ್ಣು ಮಾಗಿಸುವುದು ನಿಷೇಧ. ಎಥಿಲೀನ್ ಅನಿಲಕ್ಕೆ ಅನುಮತಿ ಇದೆ, ಹತ್ತು ಲಕ್ಷ ಭಾಗಕ್ಕೆ 100 ಭಾಗದವರೆಗೆ. ಗಿರಾಕಿ ಕೇಳಿದರೆ ಇಷ್ಟು ಹೇಳಿ.

ಮದ್ದೂರು_ಪಿಯು_ಸೈನ್ಸ್

ಪಕ್ಕದಿಂದ ಸೇರುವ ಬಂಧ ಅಂದಿರಲ್ಲ, ಪೈ ಬಂಧ. ಅದನ್ನು ಸಿಲಿಕಾನ್ ಮಾಡುವುದಿಲ್ಲವಾ? ಇಂಗಾಲದ ಡೈಆಕ್ಸೈಡ್ ಗಾಳಿ, ಸಿಲಿಕಾನ್ ಡೈಆಕ್ಸೈಡ್ ಕಲ್ಲು. ಸೂತ್ರ ಒಂದೇ ಥರ ಇದೆ, ಇಷ್ಟು ವ್ಯತ್ಯಾಸ ಹೇಗೆ?

ಸರಸ್ವತಿಪುರಂ_ಕೆಮಿಸ್ಟ್ರಿ

ಅದೇ ಗಾತ್ರದ ಕಥೆ ಮುಂದುವರಿಯುತ್ತದೆ ಮಗು. ಪೈ ಬಂಧಕ್ಕೆ ಎರಡು ಪರಮಾಣುಗಳ ಪಿ ಕಕ್ಷಕಗಳು (ಎಲೆಕ್ಟ್ರಾನ್ ಇರುವ ಒಂದು ಬಗೆಯ ಜಾಗಗಳು) ಅಕ್ಕಪಕ್ಕ ನಿಂತು ಒಂದಕ್ಕೊಂದು ತಾಗಬೇಕು. ಸಣ್ಣ ಗಲ್ಲಿಯಲ್ಲಿ ಎದುರು ಮನೆಯವರು ಮಹಡಿ ಕಿಟಕಿಯಿಂದಲೇ ಕರಿಬೇವು ಕೊಟ್ಟು ತೆಗೆದುಕೊಳ್ಳಬಹುದು, ಅಗಲವಾದ ಸಯ್ಯಾಜಿರಾವ್ ರಸ್ತೆಯ ಆ ಕಡೆ ಈ ಕಡೆ ಇದ್ದರೆ ಆಗುತ್ತದಾ? ಇಂಗಾಲಗಳ ನಡುವಿನ ಅಂತರ ಏಕಬಂಧದಲ್ಲಿ 154 ಪಿಕೊಮೀಟರ್, ದ್ವಿಬಂಧದಲ್ಲಿ 134, ತ್ರಿಬಂಧದಲ್ಲಿ 120. ಸಿಲಿಕಾನ್‌ಗಳು ಇಷ್ಟು ಹತ್ತಿರ ಬರಲಾರವು. ಎರಡು ಸಿಲಿಕಾನ್ ನಡುವೆ ದ್ವಿಬಂಧ ಇರುವ ಸ್ಥಿರ ಸಂಯುಕ್ತವನ್ನು ಮೊದಲು ಮಾಡಿದ್ದೇ 1981ರಲ್ಲಿ, ಅದೂ ಸುತ್ತಲೂ ದೊಡ್ಡ ದೊಡ್ಡ ಗುಂಪುಗಳನ್ನು ಕಾವಲಿಗೆ ಕೂರಿಸಿ.

ಇಂಗಾಲ ಎರಡು ಆಮ್ಲಜನಕಗಳ ಜೊತೆ ತಲಾ ಎರಡು ಬಂಧ ಮಾಡಿ ನಾಲ್ಕೂ ಮುಗಿಸಿಬಿಡುತ್ತದೆ. ಆ ಅಣು ಒಂಟಿ, ಪಕ್ಕದ ಅಣುವಿನ ಜೊತೆ ಅದಕ್ಕೆ ಬಂಧ ಇಲ್ಲ, ಗಾಳಿಯಾಗಿ ಹಾರುತ್ತದೆ. ಸಿಲಿಕಾನ್‌ಗೆ ದ್ವಿಬಂಧ ಒಗ್ಗದ ಕಾರಣ ನಾಲ್ಕು ಬೇರೆ ಬೇರೆ ಆಮ್ಲಜನಕ ಹಿಡಿಯಬೇಕು, ಪ್ರತಿ ಆಮ್ಲಜನಕ ಇನ್ನೊಂದು ಸಿಲಿಕಾನ್ ಹಿಡಿಯುತ್ತದೆ. ಹೀಗೆ ಕೊನೆಯಿಲ್ಲದ ಜಾಲ ಆಗುತ್ತದೆ. ಕರಗಿಸಲು 1,700 ಡಿಗ್ರಿ ಬೇಕು. ಉಸಿರಾಡಿದಾಗ ನಾವು ಗಾಳಿ ಬಿಡುತ್ತೇವೆ, ಮರಳನ್ನಲ್ಲ, ಅದಕ್ಕೆ ಈ ಪೈ ಬಂಧವೇ ಕಾರಣ.

ಪಾಂಡವಪುರ_ಆಲೆಮನೆ

ಮೇಡಂ, ಮಗಳು ಕೇಳುತ್ತಿದ್ದಾಳೆ, ಸಮಾಂಗಿಗಳು ಅಂತ ಇದೆಯಂತೆ, ಸೂತ್ರ ಒಂದೇ ವಸ್ತು ಬೇರೆ. ಪುಸ್ತಕದ ಚಿತ್ರದಲ್ಲಿ ಎಲ್ಲ ಚಪ್ಪಟೆ ಗೆರೆಗಳು, ತಲೆಗೆ ಹತ್ತುತ್ತಿಲ್ಲ. ಮನೆಯಲ್ಲೇ ಏನಾದರೂ ಮಾಡಿ ನೋಡಬಹುದಾ?

ಸರಸ್ವತಿಪುರಂ_ಕೆಮಿಸ್ಟ್ರಿ

ಖಂಡಿತ. ಕಾಬೂಲ್ ಕಡಲೆ ಒಂದು ಹಿಡಿ, ಮಾಮೂಲಿ ಕಡಲೆಕಾಳು ಎರಡು ಹಿಡಿ ರಾತ್ರಿ ನೆನೆಹಾಕಿ. ಬೆಳಗ್ಗೆ ಬಟ್ಟೆ ಮೇಲೆ ಹರಡಿ ನೀರು ಆರಿಸಿ. ತೆಂಗಿನ ಪೊರಕೆ ಕಡ್ಡಿಯ ಗಟ್ಟಿ ಭಾಗವನ್ನು ಬೆರಳುದ್ದ ಸಮನಾಗಿ ಮುರಿದುಕೊಳ್ಳಿ. ಬಿಳಿಯದು ಇಂಗಾಲ, ಕಂದು ಜಲಜನಕ. ಬಿಳಿ ಕಾಳಿಗೆ ನಾಲ್ಕು ಕಡ್ಡಿ ಚುಚ್ಚಬೇಕು, ಆದರೆ ನಾಲ್ಕೂ ಒಂದರಿಂದ ಒಂದು ಆದಷ್ಟು ದೂರ ಇರಬೇಕು. ಮಕ್ಕಳು ಮೊದಲು ಕೂಡಿಸುವ ಗುರುತಿನ ಹಾಗೆ ಚಪ್ಪಟೆಯಾಗಿ ಚುಚ್ಚುತ್ತಾರೆ, ಆಗ ಕೋನ 90 ಡಿಗ್ರಿ. ಮೇಲೂ ಕೆಳಗೂ ಜಾಗ ಖಾಲಿ ಬಿದ್ದಿದೆಯಲ್ಲ, ಇನ್ನೂ ದೂರ ಮಾಡು ಅಂತ ಹೇಳಿ. ತಾನಾಗಿ ಮೂರು ಕಾಲಿನ ಮೇಲೆ ನಿಂತು ಒಂದು ಕಡ್ಡಿ ನೇರ ಮೇಲಕ್ಕೆ ಹೋಗುವ ಆಕಾರ ಬರುತ್ತದೆ. ಈಗ ಯಾವ ಎರಡು ಕಡ್ಡಿ ನೋಡಿದರೂ ಕೋನ 109.5 ಡಿಗ್ರಿ ಆಸುಪಾಸು. ಯಾವ ಕಡೆ ಉರುಳಿಸಿದರೂ ಮತ್ತೆ ಮೂರು ಕಾಲಿನ ಮೇಲೆ ಅದೇ ಥರ ನಿಲ್ಲುತ್ತದೆ. ತುದಿಗೆ ನಾಲ್ಕು ಕಂದು ಕಾಳು ಚುಚ್ಚಿದರೆ ಮೀಥೇನ್. ಈ ಆಕಾರವನ್ನು 1874ರಲ್ಲಿ ವಾಂಟ್ ಹಾಫ್ ಮತ್ತು ಲ ಬೆಲ್ ಇಬ್ಬರೂ ಬೇರೆ ಬೇರೆಯಾಗಿ ಹೇಳಿದರು. ವಾಂಟ್ ಹಾಫ್‌ಗೆ ಆಗ ಇನ್ನೂ 22 ವರ್ಷ.

ಆಮೇಲೆ 4 ಬಿಳಿ, 10 ಕಂದು ಕಾಳು ಎಣಿಸಿ ಕೊಡಿ. ಎಲ್ಲ ಕಾಳೂ ಮುಗಿಯಬೇಕು, ಪ್ರತಿ ಬಿಳಿಗೆ ನಾಲ್ಕೇ ಕಡ್ಡಿ, ಪ್ರತಿ ಕಂದಿಗೆ ಒಂದೇ. ಎಷ್ಟು ಥರ ಕಟ್ಟಬಹುದು ಅಂತ ಕೇಳಿ. ನಾಲ್ಕು ಬಿಳಿ ಸಾಲಾಗಿ ಇಟ್ಟರೆ ಒಂದು, ಒಂದನ್ನು ನಡುವೆ ಇಟ್ಟು ಉಳಿದ ಮೂರನ್ನು ಅದಕ್ಕೆ ಚುಚ್ಚಿದರೆ ಇನ್ನೊಂದು. ಬೇರೆ ದಾರಿ ಇಲ್ಲ. ಸಾಲಿನದ್ದು ಬ್ಯೂಟೇನ್, ಮೈನಸ್ 0.5 ಡಿಗ್ರಿಗೆ ಕುದಿಯುತ್ತದೆ. ಕವಲಿನದ್ದು ಐಸೊಬ್ಯೂಟೇನ್, ಮೈನಸ್ 11.7ಕ್ಕೆ. 5 ಬಿಳಿ, 12 ಕಂದು ಕೊಟ್ಟರೆ 3 ಥರ ಬರುತ್ತದೆ. ಹತ್ತು ಇಂಗಾಲಕ್ಕೆ 75. ಇಪ್ಪತ್ತು ಇಂಗಾಲಕ್ಕೆ 3,66,319. ಇದೆಲ್ಲ ಬರೀ ಏಕಬಂಧ, ಬರೀ ಜಲಜನಕ ಇಟ್ಟುಕೊಂಡ ಲೆಕ್ಕ. ಒಂದು ಆಮ್ಲಜನಕ ಸೇರಿಸಿ ನೋಡಿ: 2 ಇಂಗಾಲ, 6 ಜಲಜನಕ, 1 ಆಮ್ಲಜನಕ. ಆಮ್ಲಜನಕ ತುದಿಯಲ್ಲಿ ಜಲಜನಕದ ಜೊತೆ ಇದ್ದರೆ ಎಥನಾಲ್, 78 ಡಿಗ್ರಿಗೆ ಕುದಿಯುವ ದ್ರವ, ನಿಮ್ಮ ಕಬ್ಬಿನ ಕಾಕಂಬಿಯಿಂದ ತೆಗೆದು ಪೆಟ್ರೋಲ್‌ಗೆ ಸೇರಿಸುವುದು ಇದನ್ನೇ. ಅದೇ ಆಮ್ಲಜನಕ ಎರಡು ಇಂಗಾಲಗಳ ನಡುವೆ ಕೂತರೆ ಡೈಮೀಥೈಲ್ ಈಥರ್, ಮೈನಸ್ 24ಕ್ಕೇ ಕುದಿದು ಹೋಗುವ ಅನಿಲ.

ಗಂಗೋತ್ರಿ_ಎಮ್ಮೆಸ್ಸಿ

ಮೈಸೂರಿನಲ್ಲಿ ಇದ್ದುಕೊಂಡು ಗಂಧದೆಣ್ಣೆ ಬಗ್ಗೆ ಹೇಳದಿದ್ದರೆ ಹೇಗೆ? ಇಲ್ಲಿ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆ 1916ರಲ್ಲಿ ಶುರುವಾಯಿತು. ಆ ಎಣ್ಣೆಯ ಮುಖ್ಯ ಪದಾರ್ಥ ಸ್ಯಾಂಟಲಾಲ್. 15 ಇಂಗಾಲ, 24 ಜಲಜನಕ, 1 ಆಮ್ಲಜನಕ. ಇದರಲ್ಲಿ ಆಲ್ಫಾ ಮತ್ತು ಬೀಟಾ ಅಂತ ಎರಡಿವೆ, ಸೂತ್ರ ಎರಡಕ್ಕೂ ಒಂದೇ. ಆಲ್ಫಾದಲ್ಲಿ ಇಂಗಾಲಗಳು ಮೂರು ಉಂಗುರ ಹಾಕಿಕೊಂಡಿವೆ, ಬೀಟಾದಲ್ಲಿ ಎರಡು ಉಂಗುರ, ಮೂರನೆಯದರ ಬದಲು ಒಂದು ದ್ವಿಬಂಧ ಜಾಸ್ತಿ. ವಾಸನೆಯೂ ಒಂದೇ ಅಲ್ಲ. ಮರ ಒಂದೇ, ಪರಮಾಣು ಅಷ್ಟೇ, ಜೋಡಣೆ ಬದಲಾದರೆ ಮೂಗಿಗೇ ಗೊತ್ತಾಗುತ್ತದೆ. ಇಂಗಾಲ ಉದ್ದಕ್ಕೂ ಹೋಗುತ್ತದೆ, ಕವಲೂ ಒಡೆಯುತ್ತದೆ, ಉಂಗುರವೂ ಸುತ್ತುತ್ತದೆ, ಒಂದೇ ಅಣುವಿನಲ್ಲಿ ಮೂರನ್ನೂ ಮಾಡುತ್ತದೆ ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ.

ಟ್ಯೂಷನ್_ಮಳವಳ್ಳಿ

ಆ ಕಡಲೆಕಾಳಿನ ಉಪಾಯ ನಮ್ಮ ಮಕ್ಕಳಿಗೂ ಮಾಡಿಸುತ್ತೇನೆ ಮೇಡಂ. ಒಂದು ಕೇಳಬೇಕಿತ್ತು. ಇಂಗಾಲ ಲೋಹದ ಜೊತೆಗೂ ಸಹವೇಲೆನ್ಸೀಯ ಬಂಧ (ಎಲೆಕ್ಟ್ರಾನ್ ಹಂಚಿಕೊಳ್ಳುವ ಬಂಧ) ಮಾಡುತ್ತದಾ? ಪುಸ್ತಕದಲ್ಲಿ ಜಲಜನಕ, ಆಮ್ಲಜನಕ, ಸಾರಜನಕ, ಗಂಧಕ, ಕ್ಲೋರಿನ್ ಇಷ್ಟೇ ಇದೆ.

ಸರಸ್ವತಿಪುರಂ_ಕೆಮಿಸ್ಟ್ರಿ

ಮಾಡುತ್ತದೆ ಸರ್. ನಮ್ಮ ಮೈಯಲ್ಲೇ ಇದೆ. ಹಾಲು, ಮೊಸರಿನಿಂದ ಸಿಗುವ ಬಿ12 ವಿಟಮಿನ್‌ನ ನಡುವೆ ಕೋಬಾಲ್ಟ್ ಇದೆ, ಮೈಯಲ್ಲಿ ಕೆಲಸ ಮಾಡುವ ಅದರ ರೂಪದಲ್ಲಿ ಆ ಕೋಬಾಲ್ಟ್ ನೇರವಾಗಿ ಇಂಗಾಲಕ್ಕೆ ಬಂಧ ಹಾಕಿಕೊಂಡಿದೆ. ಬಿ12ರ ರಚನೆ ಬಿಡಿಸಿದವರು ಡೊರೊಥಿ ಹಾಡ್ಜ್‌ಕಿನ್, 1964ರಲ್ಲಿ ಅವರಿಗೆ ನೊಬೆಲ್ ಬಂತು. ಲ್ಯಾಬಿನಲ್ಲಿ ಹೊಸ ಇಂಗಾಲ–ಇಂಗಾಲ ಬಂಧ ಕಟ್ಟುವುದಕ್ಕೂ ಮೆಗ್ನೀಷಿಯಂ–ಇಂಗಾಲ ಬಂಧ ಒಂದು ದಾರಿ, ಗ್ರಿನ್ಯಾರ್ ಕಾರಕ ಅಂತ ಪಿಯುನಲ್ಲಿ ಬರುತ್ತದೆ. ಅಲ್ಲಿ ಎಲೆಕ್ಟ್ರಾನ್ ಜೋಡಿ ಇಂಗಾಲದ ಕಡೆ ವಾಲಿರುತ್ತದೆ. ಆಮ್ಲಜನಕ, ಕ್ಲೋರಿನ್ ಜೊತೆ ಇದ್ದಾಗ ಅವುಗಳ ಕಡೆ ವಾಲುತ್ತದೆ. ಜಲಜನಕದ ಜೊತೆ ಮಾತ್ರ ಹೆಚ್ಚು ಕಡಿಮೆ ಸಮ, ಅದಕ್ಕೇ ಎಣ್ಣೆ ನೀರಿನ ಜೊತೆ ಬೆರೆಯುವುದಿಲ್ಲ.

ಮದ್ದೂರು_ಪಿಯು_ಸೈನ್ಸ್

ವಜ್ರ, ಗ್ರಾಫೈಟ್ ಎರಡೂ ಬರೀ ಇಂಗಾಲ. ಒಂದರಲ್ಲಿ ಕರೆಂಟ್ ಹರಿಯುತ್ತದೆ, ಇನ್ನೊಂದರಲ್ಲಿ ಇಲ್ಲ. ಇದಕ್ಕೂ ಬಂಧವೇ ಕಾರಣವಾ?

ಗಂಗೋತ್ರಿ_ಎಮ್ಮೆಸ್ಸಿ

ಹೌದು. ವಜ್ರದಲ್ಲಿ ಪ್ರತಿ ಇಂಗಾಲ ನಾಲ್ಕು ಇಂಗಾಲಗಳ ಜೊತೆ, ಕಡಲೆಕಾಳಿನ ಆ ಮೂರು ಕಾಲಿನ ಆಕಾರದಲ್ಲೇ, ಎಲೆಕ್ಟ್ರಾನ್ ಎಲ್ಲ ಬಂಧದಲ್ಲಿ ಸಿಕ್ಕಿಕೊಂಡಿವೆ. ಗ್ರಾಫೈಟ್‌ನಲ್ಲಿ ಮೂರರ ಜೊತೆ ಮಾತ್ರ, ಚಪ್ಪಟೆ ಪದರ. ನಾಲ್ಕನೇ ಎಲೆಕ್ಟ್ರಾನ್ ಪದರದ ಉದ್ದಕ್ಕೂ ಓಡಾಡುತ್ತದೆ, ಕರೆಂಟ್ ಹರಿಯುವುದು ಅದರಿಂದ. ಪದರದೊಳಗೆ ಇಂಗಾಲಗಳ ಅಂತರ 142 ಪಿಕೊಮೀಟರ್, ಪದರ ಪದರದ ನಡುವೆ 335. ಅಷ್ಟು ದೂರಕ್ಕೆ ಬಂಧ ಇಲ್ಲ, ಬರೀ ಸಣ್ಣ ಸೆಳೆತ. ಪೆನ್ಸಿಲ್ ಎಳೆದಾಗ ಜಾರಿ ಕಾಗದಕ್ಕೆ ಅಂಟುವುದು ಆ ಪದರಗಳೇ. ಒಂದೇ ಒಂದು ಪದರ ಬಿಡಿಸಿದರೆ ಗ್ರಾಫೀನ್. 2004ರಲ್ಲಿ ಗೈಮ್ ಮತ್ತು ನೊವೊಸೆಲೊವ್ ಅಂಟು ಟೇಪಿನಿಂದ ಬಿಡಿಸಿ ತೋರಿಸಿದರು, 2010ರಲ್ಲಿ ನೊಬೆಲ್. ನಮ್ಮ ಮೈಸೂರು ವಿಶ್ವವಿದ್ಯಾಲಯದ ಪದವಿ ಪಡೆದ ಸಿ.ಎನ್.ಆರ್. ರಾವ್ ಅವರೂ ಇಂಗಾಲದ ನ್ಯಾನೊಟ್ಯೂಬ್, ಗ್ರಾಫೀನ್ ಮೇಲೆ ಬಹಳ ಕೆಲಸ ಮಾಡಿದ್ದಾರೆ.

ಪಾಂಡವಪುರ_ಆಲೆಮನೆ

ಮೇಡಂ, ಕಡಲೆಕಾಳಲ್ಲಿ ಬ್ಯೂಟೇನ್ ಎರಡೂ ಕಟ್ಟಿದಳು. ಐದರದ್ದು ಮೂರನೆಯದು ನನಗೂ ಬರಲಿಲ್ಲ, ಅವಳೇ ನಡುವೆ ಒಂದಿಟ್ಟು ಸುತ್ತ ನಾಲ್ಕು ಚುಚ್ಚಿದಳು. ಈಗ ಹೊಸ ಪ್ರಶ್ನೆ. ಎರಡು ಬಿಳಿ ಕಾಳಿನ ನಡುವೆ ಎರಡು ಕಡ್ಡಿ ಬಗ್ಗಿಸಿ ಹಾಕಿದಳು, ಮೂರೂ ಹಾಕಿದಳು. ನಾಲ್ಕು ಹಾಕಿದರೆ ಎರಡಕ್ಕೂ ಅಷ್ಟಕ (ಹೊರಗೆ 8 ಎಲೆಕ್ಟ್ರಾನ್) ಪೂರ್ತಿ ಆಗುತ್ತದಲ್ಲ, ಬೇರೆ ಯಾರೂ ಬೇಡ, ಹಾಗೆ ಯಾಕೆ ಇಲ್ಲ ಅಂತ ಕೇಳುತ್ತಿದ್ದಾಳೆ.

ಸರಸ್ವತಿಪುರಂ_ಕೆಮಿಸ್ಟ್ರಿ

ಲೆಕ್ಕದಲ್ಲಿ ಸರಿ ಬರುತ್ತದೆ, ದಿಕ್ಕಿನಲ್ಲಿ ಬರುವುದಿಲ್ಲ. ಮೊದಲ ಬಂಧ ನೇರ ಗೆರೆಯಲ್ಲಿ. ಎರಡನೆಯದು ಆ ಗೆರೆಯ ಮೇಲೆ ಕೆಳಗೆ, ಮೂರನೆಯದು ಹಿಂದೆ ಮುಂದೆ. ಅಲ್ಲಿಗೆ ಮೂರು ದಿಕ್ಕೂ ಮುಗಿಯಿತು. ನಾಲ್ಕನೇ ಎಲೆಕ್ಟ್ರಾನ್ ಇಂಗಾಲದ ಬೆನ್ನ ಕಡೆ ಮುಖ ಮಾಡಿರುತ್ತದೆ, ಎದುರಿನ ಇಂಗಾಲದಿಂದ ದೂರ. ಅಸಿಟಿಲೀನ್‌ನಲ್ಲಿ ಜಲಜನಕ ಬಂದು ಸೇರುವುದು ಆ ಬೆನ್ನಿನ ಕಡೆಯೇ, ಅದಕ್ಕೇ ಆ ಅಣು ನೆಟ್ಟಗೆ ಒಂದೇ ಗೆರೆಯಲ್ಲಿ ಇದೆ. ಕಡ್ಡಿ ಬಗ್ಗುತ್ತದೆ, ಎಲೆಕ್ಟ್ರಾನ್ ಜೋಡಿ ಅಷ್ಟು ಬಗ್ಗುವುದಿಲ್ಲ.

ಗಂಗೋತ್ರಿ_ಎಮ್ಮೆಸ್ಸಿ

ಎರಡೇ ಇಂಗಾಲದ ಅಣು ನಿಜವಾಗಿಯೂ ಇದೆ ಅಂತಲೂ ಅವಳಿಗೆ ಹೇಳಿ. ತೀರಾ ಬಿಸಿಯಲ್ಲಿ, ಇಲ್ಲವೇ ತೀರಾ ವಿರಳ ಜಾಗದಲ್ಲಿ ಮಾತ್ರ ಇರುತ್ತದೆ, ಏನು ಸಿಕ್ಕರೂ ಅಂಟಿಕೊಳ್ಳುತ್ತದೆ. ಕೆಲವು ಧೂಮಕೇತುಗಳ ತಲೆ ಹಸಿರಾಗಿ ಕಾಣುವುದು ಅದರಿಂದ. ಗ್ಯಾಸ್ ಒಲೆಯ ಜ್ವಾಲೆಯ ನೀಲಿ–ಹಸಿರಿನಲ್ಲೂ ಅದರ ಪಾಲು ಇದೆ. ಅದರಲ್ಲಿ ಇಂಗಾಲಗಳ ಅಂತರ ಸುಮಾರು 124 ಪಿಕೊಮೀಟರ್. ನಾಲ್ಕು ಬಂಧ ಇದ್ದಿದ್ದರೆ ಅಸಿಟಿಲೀನ್‌ನ 120ಕ್ಕಿಂತ ಕಡಿಮೆ ಇರಬೇಕಿತ್ತು ಅಂತ ಕೆಲವರ ವಾದ. ಇಲ್ಲ, ನಾಲ್ಕನೆಯ ಬಂಧ ದುರ್ಬಲವಾಗಿ ಇದೆ ಅಂತ 2012ರಲ್ಲಿ ಇನ್ನು ಕೆಲವರು ಲೆಕ್ಕ ಹಾಕಿ ಹೇಳಿದರು, ಆಮೇಲೆ ಅದರ ಮೇಲೆ ಬಹಳ ಚರ್ಚೆ ನಡೆಯಿತು. ಹತ್ತನೇ ಕ್ಲಾಸಿನ ಹುಡುಗಿ ಕಡಲೆಕಾಳು ಹಿಡಿದು ಕೇಳಿದ್ದು ದೊಡ್ಡ ದೊಡ್ಡ ವಿಜ್ಞಾನಿಗಳು ಜಗಳ ಆಡಿದ ಪ್ರಶ್ನೆಯೇ. ಪರೀಕ್ಷೆಯಲ್ಲಿ ಕೇಳಿದರೆ ಮೂರರವರೆಗೆ ಅಂತ ಬರೆಯಲಿ. ಪಿಯುಗೆ ಸೈನ್ಸ್ ತೆಗೆದುಕೊಂಡರೆ ಇಲ್ಲಿಗೆ ಬರುವುದಕ್ಕೆ ಹೇಳಿ, ಕಕ್ಷಕಗಳ ಚಿತ್ರ ಬರೆದು ತೋರಿಸುತ್ತೇನೆ.